ಪೂಲ್ ಟೂರ್ನಮೆಂಟಿನಲ್ಲಿ ಬಾಲ್ ಜೋಡಿಸಬೇಕಾದವರು ಯಾರು?

ಪ್ರಶ್ನೆ: ನಾನು ಮಣಿಪಾಲದಲ್ಲಿ ಓದುತ್ತಿದ್ದೇನೆ. ಗೆಳೆಯರೆಲ್ಲ ಸೇರಿ ಒಂದು ನೈನ್ ಬಾಲ್ (1ರಿಂದ 9ರ ನಂಬರಿನ ಬಾಲುಗಳಲ್ಲಿ ಚಿಕ್ಕ ನಂಬರಿನದಕ್ಕೇ ಮೊದಲು ತಾಗಿಸಿ ಆಡುವ ಪೂಲ್ ಆಟ) ಟೂರ್ನಮೆಂಟ್ ನಡೆಸಬೇಕು ಅಂತಿದ್ದೇವೆ. ಬ್ರೇಕ್ (ಜೋಡಿಸಿದ ಬಾಲುಗಳನ್ನು ಒಡೆಯುವ ಮೊದಲ ಹೊಡೆತ) ಮಾಡುವವನೇ ಬಾಲ್ ಜೋಡಿಸಿಕೊಳ್ಳಲಿ ಅಂತ ಕೆಲವರು, ಎದುರಾಳಿ ಜೋಡಿಸಲಿ ಅಂತ ಕೆಲವರು ಹೇಳುತ್ತಿದ್ದಾರೆ. ಇದರಲ್ಲಿ ಯಾವುದು ನ್ಯಾಯ?

ಉತ್ತರ: ಸಾಧ್ಯವಾದರೆ ಇಬ್ಬರೂ ಬೇಡ, ಮೂರನೆಯವರು ಜೋಡಿಸಲಿ. ದೊಡ್ಡ ಪಂದ್ಯಗಳಲ್ಲಿ ರೆಫ್ರಿ ಮಾಡುವುದು ಇದನ್ನೇ. ಆದರೆ ನಿಮ್ಮಂಥ ಟೂರ್ನಮೆಂಟಿನಲ್ಲಿ ಪ್ರತಿ ಟೇಬಲ್ಲಿಗೂ ಒಬ್ಬ ರೆಫ್ರಿ ಸಿಗುವುದಿಲ್ಲ, ಅಲ್ವಾ? ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಂಗಳೂರಿನ ಸಣ್ಣ ಟೂರ್ನಮೆಂಟುಗಳಲ್ಲಿ ಟೇಬಲ್ ಪಕ್ಕ ನಿಂತು ತೀರ್ಪು ಹೇಳುವ ಕೆಲಸ ಮಾಡಿದ್ದೇನೆ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಶುರುವಾದದ್ದು ಮೊದಲ ಹೊಡೆತಕ್ಕೂ ಮುಂಚೆಯೇ.

ನಾವೆಲ್ಲ ಕೇರಂ ಆಡಿ ಬೆಳೆದವರು. ಅಲ್ಲಿ ಬ್ರೇಕ್ ಮಾಡುವವನೇ ಕಾಯಿ ಜೋಡಿಸುತ್ತಾನೆ. ನಡುವೆ ಕೆಂಪು, ಸುತ್ತ ಕಪ್ಪು ಬಿಳುಪು. ಯಾರೂ ತಕರಾರು ಮಾಡುವುದಿಲ್ಲ. ಅದೇ ಅಭ್ಯಾಸ ಪೂಲ್ ಟೇಬಲ್ಲಿಗೂ ಬಂದಿದೆ. ಆದರೆ ಪೂಲ್‌ನಲ್ಲಿ ಬಾಲುಗಳ ನಡುವೆ ಕಾಗದ ತೂರುವಷ್ಟು ಜಾಗ ಉಳಿದರೂ ಬ್ರೇಕಿನ ಕಥೆಯೇ ಬೇರೆಯಾಗುತ್ತದೆ.

ಅದು ಹೇಗೆಂದರೆ, ಬಿಳಿ ಬಾಲ್ ಗುಂಪಿನ ಎಲ್ಲಕ್ಕಿಂತ ಮುಂದಿನ ಬಾಲಿಗೆ ಬಡಿದಾಗ ಆ ಏಟು ಒಂದರಿಂದ ಒಂದಕ್ಕೆ ದಾಟುತ್ತಾ ಹೋಗುತ್ತದೆ. ಎಲ್ಲ ಬಾಲುಗಳೂ ಒಂದಕ್ಕೊಂದು ತಾಗಿಕೊಂಡಿದ್ದರೆ ಏಟು ಕೊನೆಯ ಬಾಲಿನವರೆಗೂ ಒಂದೇ ಕ್ಷಣದಲ್ಲಿ ತಲುಪುತ್ತದೆ, ಗುಂಪು ಚೆನ್ನಾಗಿ ಒಡೆಯುತ್ತದೆ. ಮುಂದಿನ ಬಾಲಿನ ಹಿಂದೆ ಜಾಗ ಇದ್ದರೆ ಆ ಬಾಲ್ ಮೊದಲು ಅಲ್ಲಾಡುತ್ತದೆ, ಆಮೇಲೆ ಹಿಂದಿನದಕ್ಕೆ ಓರೆಯಾಗಿ ಬಡಿಯುತ್ತದೆ. ಆಗ ಎಷ್ಟು ಜೋರಾಗಿ ಹೊಡೆದರೂ ಗುಂಪು ಅರ್ಧ ಒಡೆದು ಅಲ್ಲೇ ಉಳಿದುಬಿಡುತ್ತದೆ. ಎದುರಾಳಿ ಜೋಡಿಸುವಾಗ ಇರುವ ಆಸೆ ಇದೇ. ಬೆರಳು ಒಂಚೂರು ಸಡಿಲ ಬಿಟ್ಟರೆ ಸಾಕು.

ತಾನೇ ಜೋಡಿಸಿಕೊಂಡರೆ ಆಸೆ ಇನ್ನೊಂದು ಥರ. ನೈನ್ ಬಾಲ್ ರ‍್ಯಾಕ್ (ಜೋಡಿಸಿದ ಬಾಲುಗಳ ಗುಂಪು) ವಜ್ರದ ಆಕಾರದಲ್ಲಿರುತ್ತದೆ. ಅದರ ಎಡ ಬಲ ತುದಿಯಲ್ಲಿರುವ ಬಾಲಿಗೆ ವಿಂಗ್ ಬಾಲ್ ಅನ್ನುತ್ತಾರೆ. ರ‍್ಯಾಕ್ ಬಿಗಿಯಾಗಿದ್ದರೆ ಅದು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಮೂಲೆಯ ಪಾಕೆಟ್ ಕಡೆಗೆ ಹೋಗುತ್ತದೆ. ಅನುಭವಿ ಆಟಗಾರನಿಗೆ ರ‍್ಯಾಕನ್ನು ಕೂದಲೆಳೆಯಷ್ಟು ತಿರುಗಿಸಿದರೆ ಆ ಬಾಲ್ ಬೀಳುತ್ತದೆಂದು ಗೊತ್ತಿರುತ್ತದೆ. ಇದಕ್ಕೆ ಜೋರಿನ ಹೊಡೆತವೂ ಬೇಡ. 2001ರ ಯು.ಎಸ್. ಓಪನ್ ನೈನ್ ಬಾಲ್ ಫೈನಲ್ಲಿನಲ್ಲಿ ಅಮೆರಿಕದ ಆಟಗಾರ ಕೋರಿ ಡ್ಯೂಯಲ್ ಅವರು ಮೈಕ್ ಸೀಗಲ್ ಅವರನ್ನು 11–0 ಅಂತರದಲ್ಲಿ ಸೋಲಿಸಿದ್ದು ಮೆದು ಬ್ರೇಕಿನ ಬಲದಿಂದ. ಅದು ಮೋಸವಲ್ಲ, ಟೇಬಲ್ ಓದುವ ಜಾಣತನ. ಆದರೆ ಬ್ರೇಕ್ ಎಷ್ಟು ಲೆಕ್ಕಾಚಾರದ ಹೊಡೆತ ಅನ್ನುವುದು ಅದರಿಂದ ಎಲ್ಲರಿಗೂ ಗೊತ್ತಾಯಿತು.

ಬಾಲುಗಳ ಕ್ರಮದ ವಿಷಯವೂ ಇದೆ. ವಿಶ್ವ ಪೂಲ್ ಸಂಸ್ಥೆಯ ನಿಯಮದಲ್ಲಿ (ವಿಶ್ವ ನಿಯಮ) 1ರ ಬಾಲ್ ಮುಂದೆ, 9ರ ಬಾಲ್ ನಡುವೆ ಇರಬೇಕು. ಉಳಿದವನ್ನು ಬೇಕೆಂದೇ ಒಂದು ಕ್ರಮದಲ್ಲಿ ಇಡಬಾರದು. ಪ್ರತಿ ಸಲ 2ನ್ನು ಒಂದೇ ಜಾಗದಲ್ಲಿ ಇಟ್ಟರೆ ಬ್ರೇಕ್ ಆದ ಮೇಲೆ ಅದು ಎಲ್ಲಿ ಸಿಗುತ್ತದೆ ಅಂತ ಊಹಿಸಬಹುದು. ಇದನ್ನು ಯಾರೂ ಗಮನಿಸುವುದಿಲ್ಲ. ನೀವು ಗಮನಿಸಿ.

ಹಾಗಂತ ಎಲ್ಲ ಕೆಟ್ಟ ರ‍್ಯಾಕೂ ಮೋಸವಲ್ಲ. ಇದನ್ನು ನಾನು ಕಲಿತದ್ದು ಒಂದು ಆಟಿ ತಿಂಗಳ ಸಂಜೆ. ಹೊರಗೆ ಜಡಿಮಳೆ. ಸೆಮಿಫೈನಲ್ ನಡೆಯುತ್ತಿತ್ತು. ಒಬ್ಬ ಹುಡುಗ ಮೂರು ಸಲ ರ‍್ಯಾಕ್ ಸರಿಯಿಲ್ಲ ಅಂದ. ಜೋಡಿಸುತ್ತಿದ್ದವನಿಗೆ ಸಿಟ್ಟು ಬಂತು. "ಎಂತ ಮಾರಾಯ, ನನ್ನನ್ನು ಕಳ್ಳ ಅಂತ ಹೇಳುವುದಾ ನೀನು?" ಅಂತ ಕ್ಯೂ ಕೋಲು ಕೆಳಗಿಟ್ಟ. ಆಮೇಲೆ ನಾನೇ ಜೋಡಿಸಿದೆ. ನನ್ನ ಕೈಯಲ್ಲೂ ಅದೇ ಜಾಗ ಉಳಿಯಿತು. ನೋಡಿದರೆ 6ರ ಬಾಲ್ ಬೇರೆ ಸೆಟ್ಟಿನದು, ಉಳಿದವಕ್ಕಿಂತ ಒಂದಿಷ್ಟು ಸಣ್ಣದು. ಮೂಲ ಬಾಲ್ ಕಳೆದುಹೋಗಿ ಯಾರೋ ತಂದಿಟ್ಟಿದ್ದರು. ಇಬ್ಬರು ಒಳ್ಳೆಯ ಹುಡುಗರು ಸುಮ್ನೆ ಮನಸ್ತಾಪ ಮಾಡಿಕೊಂಡರು. ಅವತ್ತು ಆಟ ಶುರುವಾಗುವ ಮುಂಚೆ ನಾನು ಬಾಲ್ ಪರೀಕ್ಷೆ ಮಾಡಬೇಕಿತ್ತು. ಮಾಡಿರಲಿಲ್ಲ.

ಪೂಲ್ ಬಾಲಿನ ಅಡ್ಡಳತೆ 57.15 ಮಿ.ಮೀ. ಇರಬೇಕು. ಅಳೆಯುವ ಸಾಧನ ಬೇಕಿಲ್ಲ. ಮೂರು ಬಾಲ್ ಸಾಲಾಗಿ ತಾಗಿಸಿಟ್ಟು ಮೇಲೆ ಸ್ಟೀಲ್ ಸ್ಕೇಲ್ ಇಡಿ. ನಡುವಿನದು ಸಣ್ಣದಾದರೆ ಸ್ಕೇಲಿನ ಕೆಳಗೆ ಬೆಳಕು ಕಾಣುತ್ತದೆ. ದೊಡ್ಡದಾದರೆ ಸ್ಕೇಲ್ ತೂಗಾಡುತ್ತದೆ. ಟೇಬಲ್ಲಿನ ಬಟ್ಟೆಯನ್ನೂ ನೋಡಿ. ಮುಂದಿನ ಬಾಲ್ ಕೂರುವ ಸ್ಪಾಟಿನಲ್ಲಿ ವರ್ಷಗಟ್ಟಲೆ ಬ್ರೇಕ್ ಆಗಿ ಸಣ್ಣ ತಗ್ಗು ಬಿದ್ದಿರುತ್ತದೆ. ಬಾಲ್ ಅದರೊಳಗೆ ಜಾರಿ ಹಿಂದಿನದರಿಂದ ದೂರ ಸರಿಯುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ತೇವ ಹಿಡಿದು ಬಾಲುಗಳ ಓಟವೂ ಭಾರವಾಗುತ್ತದೆ. ಬಾಲುಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಕ್ಯೂ ತುದಿಗೆ ಹಚ್ಚುವ ಚಾಕ್‌ಪುಡಿಯ ಕಲೆ ತೆಗೆದು ಇಡಿ.

ಈಗ ನಿಮ್ಮ ಟೂರ್ನಮೆಂಟಿಗೆ ನನ್ನ ಸಲಹೆ. ಬಾಲ್ ಜೋಡಿಸುವ ತ್ರಿಕೋನ ಚೌಕಟ್ಟು (ಟ್ರಯಾಂಗಲ್) ಬಿಟ್ಟು ಟೆಂಪ್ಲೇಟ್ ತರಿಸಿ. ಅದು ತೆಳು ಪ್ಲಾಸ್ಟಿಕ್ ಹಾಳೆ, ಬಾಲ್ ಕೂರುವ ಜಾಗಕ್ಕೆ ತೂತುಗಳಿರುತ್ತವೆ. ಬಾಲುಗಳು ತಾವಾಗಿಯೇ ಒಂದಕ್ಕೊಂದು ತಾಗಿ ಕೂರುತ್ತವೆ, ಕೈಚಳಕಕ್ಕೆ ಅವಕಾಶ ತೀರಾ ಕಡಿಮೆ. ಹಾಳೆ ಎಲ್ಲಿ ಕೂರಬೇಕೆಂದು ಮೊದಲೇ ಗುರುತು ಹಾಕಿಬಿಡಿ, ತಿರುಗಿಸುವ ಮಾತೇ ಬರುವುದಿಲ್ಲ. ಆಮೇಲೆ ಬ್ರೇಕ್ ಮಾಡುವವನೇ ಜೋಡಿಸಲಿ, ಎದುರಾಳಿಗೆ ನೋಡುವ ಹಕ್ಕು ಇರಲಿ. ಬಾಲುಗಳ ಮಟ್ಟಕ್ಕೆ ಕಣ್ಣು ತಂದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದರೆ ಜಾಗ ಇದ್ದಲ್ಲಿ ಬೆಳಕು ಇಣುಕುತ್ತದೆ. ನೋಡಬಹುದು, ಮುಟ್ಟಬಾರದು. ಒಂದು ರ‍್ಯಾಕಿಗೆ ಒಂದು ಸಲ ಮಾತ್ರ ಮತ್ತೆ ಜೋಡಿಸಲು ಹೇಳಬಹುದು. ಅದಕ್ಕೂ ಒಪ್ಪಿಗೆಯಾಗದಿದ್ದರೆ ಸಂಘಟಕರು ಬಂದು ಜೋಡಿಸಲಿ.

ಟೆಂಪ್ಲೇಟಿಗೂ ಒಂದು ಕೊರತೆ ಇದೆ. ರ‍್ಯಾಕ್ ಅಷ್ಟು ಬಿಗಿಯಾದಾಗ ವಿಂಗ್ ಬಾಲ್ ಪದೇ ಪದೇ ಬೀಳತೊಡಗುತ್ತದೆ. ಅದಕ್ಕೇ ಕೆಲವು ದೊಡ್ಡ ಪಂದ್ಯಗಳಲ್ಲಿ 1ರ ಬದಲು 9ರ ಬಾಲನ್ನು ಸ್ಪಾಟಿನ ಮೇಲೆ ಇಡುತ್ತಾರೆ. ಇಡೀ ರ‍್ಯಾಕ್ ಸುಮಾರು 10 ಸೆಂ.ಮೀ. ಮುಂದೆ ಬರುತ್ತದೆ, ವಿಂಗ್ ಬಾಲಿನ ದಾರಿ ತಪ್ಪುತ್ತದೆ. ಬಿಳಿ ಬಾಲನ್ನು ಎಲ್ಲಿಂದ ಹೊಡೆಯಬೇಕೆಂದು ಒಂದು ಚೌಕವನ್ನೂ ಗೊತ್ತುಮಾಡುತ್ತಾರೆ. ನಿಮಗೆ ಇಷ್ಟೆಲ್ಲ ಬೇಡ. ಬದಲಿಗೆ, ಗೆದ್ದವನೇ ಬ್ರೇಕ್ ಮಾಡುವ ಪದ್ಧತಿ ಬಿಟ್ಟು ಒಂದು ಸಲ ಇವನು, ಒಂದು ಸಲ ಅವನು ಮಾಡಲಿ. ಗೆದ್ದವನಿಗೇ ಬ್ರೇಕ್ ಕೊಟ್ಟರೆ ನೋಡಲು ಮಜಾ ಇರುತ್ತದೆ, ಒಪ್ಪುತ್ತೇನೆ. ಆದರೆ ಉಡುಪಿಯಿಂದಲೋ ಕುಂದಾಪುರದಿಂದಲೋ ಬಸ್ ಹಿಡಿದು ಬಂದ ಹುಡುಗ ಕುರ್ಚಿಯಲ್ಲೇ ಕೂತು ಸೋತು ಹೋಗುವುದನ್ನು ಕಂಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. ಮೊದಲ ಬ್ರೇಕ್ ಯಾರದ್ದು ಎನ್ನುವುದಕ್ಕೆ ಟಾಸ್ ಬೇಡ, ಲ್ಯಾಗ್ ಇರಲಿ. ಇಬ್ಬರೂ ಒಂದೊಂದು ಬಾಲ್ ಹೊಡೆಯಬೇಕು. ಅದು ಎದುರಿನ ಕುಶನ್ನಿಗೆ (ಟೇಬಲ್ ಅಂಚಿನ ರಬ್ಬರ್ ಪಟ್ಟಿ) ತಾಗಿ ವಾಪಸ್ ಬರಬೇಕು. ಈಚೆ ಕುಶನ್ನಿಗೆ ಯಾರದ್ದು ಹತ್ತಿರ ನಿಲ್ಲುತ್ತದೋ ಅವರು ಗೆದ್ದಂತೆ.

ಬ್ರೇಕಿನ ನಿಯಮ ಚಿಕ್ಕದು. ಬಿಳಿ ಬಾಲ್ ಹೆಡ್ ಸ್ಟ್ರಿಂಗ್ ಗೆರೆಯ (ಬ್ರೇಕ್ ಮಾಡುವ ತುದಿಯಿಂದ ಟೇಬಲ್ಲಿನ ಕಾಲು ಭಾಗದಲ್ಲಿರುವ ಗೆರೆ) ಹಿಂದಿನಿಂದ ಹೊರಡಬೇಕು, ಮೊದಲು 1ಕ್ಕೇ ತಾಗಬೇಕು. ಒಂದಾದರೂ ಬಾಲ್ ಬೀಳಬೇಕು, ಇಲ್ಲವೇ ಕನಿಷ್ಠ 4 ಬಾಲ್ ಕುಶನ್ನಿಗೆ ಮುಟ್ಟಬೇಕು. ಎರಡೂ ಆಗದಿದ್ದರೆ ಫೌಲ್. ಎದುರಾಳಿ ಬಿಳಿ ಬಾಲನ್ನು ಬೇಕಾದ ಕಡೆ ಇಟ್ಟು ಆಡಬಹುದು.

ಈ ಎಲ್ಲವನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಹೆಸರು ಕೊಡಲು ಬಂದಾಗಲೇ ಎಲ್ಲರಿಗೂ ಓದಿಸಿ. ಮುಂದೆ ಏಯ್ಟ್ ಬಾಲ್ (8ನ್ನು ಕೊನೆಗೆ ಬೀಳಿಸಿ ಗೆಲ್ಲುವ ಆಟ) ಕೂಡ ನಡೆಸುವುದಾದರೆ ಇನ್ನೊಂದು ಸಾಲು ಸೇರಿಸಿ: ಬ್ರೇಕಿನಲ್ಲಿ 8 ಬಿದ್ದರೆ ಗೆಲುವಲ್ಲ. ನಮ್ಮ ಕಡೆ ಬಹಳ ಜನ ಗೆಲುವು ಅಂದುಕೊಂಡಿದ್ದಾರೆ. ವಿಶ್ವ ನಿಯಮದಲ್ಲಿ, ಫೌಲ್ ಆಗದಿದ್ದರೆ, ಬ್ರೇಕ್ ಮಾಡಿದವನು 8ನ್ನು ಮತ್ತೆ ಸ್ಪಾಟಿನಲ್ಲಿಟ್ಟು ಆಟ ಮುಂದುವರಿಸಬಹುದು, ಅಥವಾ ಹೊಸದಾಗಿ ಜೋಡಿಸಿ ಮತ್ತೆ ಬ್ರೇಕ್ ಮಾಡಬಹುದು.