ನಮ್ಮ ಗೋಡೆಗೆ ನೀಲಿ ಎಲ್ಲಿಂದ ಬಂತು?

ಚಿತ್ರದುರ್ಗದ ನಮ್ಮ ಮನೆಯ ಹಾಲ್‌ಗೆ ಕೂಲ್ ಗ್ರೇ ಹೊಡೆಸಿದ್ದೆ. ಶೇಡ್ ಕಾರ್ಡಿನಲ್ಲಿ ಹದವಾದ ಬೂದು. ಎರಡನೇ ಕೋಟ್ ಒಣಗಿ ರಾತ್ರಿ ಲೈಟ್ ಹಾಕಿದರೆ ಗೋಡೆ ನೀಲಿ! 'ಇದೇನೋ, ಆಸ್ಪತ್ರೆ ವಾರ್ಡ್ ಇದ್ದಂಗೈತಲ್ಲೋ' ಅಂದರು ಅಮ್ಮ. ಪೇಂಟರ್‌ಗೆ ಫೋನ್ ಮಾಡಿ ರೇಗಿದೆ. ಆತ ಬೆಳಿಗ್ಗೆ ಬಂದು ಖಾಲಿ ಡಬ್ಬಿ ತೋರಿಸಿದ. 'ನಂಬರ್ ನೀವೇ ನೋಡ್ರಿ ಸಾರ್.' ನಂಬರ್ ಸರಿಯಾಗಿತ್ತು. ಹಗಲಲ್ಲಿ ಗೋಡೆಯೂ ಬೂದಾಗಿತ್ತು.

ಅಂಗಡಿಯ ಮಷಿನ್ ಬಿಳಿ ಬೇಸ್‌ಗೆ ಒಂದಿಷ್ಟು ಕಪ್ಪು ಬೆರೆಸಿದರೆ ಬೂದು. ಅದು ಕೂಲ್ ಆಗಬೇಕೆಂದರೆ ಸಾಮಾನ್ಯವಾಗಿ ಜೊತೆಗೆ ಚೂರು ನೀಲಿ. ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ. ಬೂದು ಮೂರನ್ನೂ ಹೆಚ್ಚುಕಡಿಮೆ ಸಮನಾಗಿ ತಟ್ಟುತ್ತದೆ. ಸಮನಾಗಿ ನಿಂತ ತಕ್ಕಡಿ ವಾಲಲು ಒಂದು ಕಾಳು ಸಾಕು, ಅಲ್ವಾ?

ಆ ಕಾಳು ಹಾಕಿದ್ದು ನಮ್ಮ ಟ್ಯೂಬ್‌ಲೈಟ್. 6500 ಕೆಲ್ವಿನ್ನಿನ ಎಲ್‌ಇಡಿ. ಕೆಲ್ವಿನ್ ಅಂದರೆ ತಾಪದ ಅಳತೆ; ವಸ್ತು ಎಷ್ಟು ಕಾದರೆ ಇಂಥ ಬಣ್ಣದ ಬೆಳಕು ಕೊಡುತ್ತದೆ ಎನ್ನುವ ಅಂಕಿ ಅದು. ಅದರ ಬೆಳಕಿನಲ್ಲಿ ನೀಲಿ ಪಾಲು ಜಾಸ್ತಿ. 3000 ಕೆಲ್ವಿನ್ ಬಲ್ಬಿನಲ್ಲಿ ಹಳದಿ, ಕೆಂಪು ಜಾಸ್ತಿ. ತಮಾಷೆ ನೋಡಿ, ನೀಲಿ ಕಡೆಯ 'ಕೂಲ್' ಬೆಳಕಿನ ತಾಪದ ಅಂಕಿಯೇ ದೊಡ್ಡದು. ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಗೆ ಕಾಯುತ್ತದೆ, ಆಮೇಲೆ ಹಳದಿ, ಆಮೇಲೆ ಬಿಳಿ. ಅದಕ್ಕಿಂತ ಎಷ್ಟೋ ಪಟ್ಟು ಬಿಸಿಯಾದ ನಕ್ಷತ್ರಗಳು ನೀಲಿ. ಅಂದಹಾಗೆ, ಕೂಲ್ ಗ್ರೇಯಿಂದ ಮನೆಯೇನೂ ತಂಪಾಗಲ್ಲ. ಹೊರಗೋಡೆಗೆ ಬಳಿದರೆ ಬಿಳಿಗಿಂತ ಜಾಸ್ತಿ ಬಿಸಿಲು ಹೀರುತ್ತದೆ.

'ಉತ್ತರದ ಕಿಟಕಿಗೆ ನೇರ ಬಿಸಿಲು ಬರಲ್ಲ, ಆಕಾಶದ ನೀಲಿ ಬೆಳಕಷ್ಟೇ. ಆ ಕೋಣೆಗೆ ಕೂಲ್ ಗ್ರೇ ಬೇಡ' ಎನ್ನುವ ಸಲಹೆಯೂ ಇದೆ. ಅದು ಯುರೋಪಿಗೆ ಸರಿ. ದುರ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಎರಡನೇ ವಾರದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಮೋಡವಿಲ್ಲದ ದಿನ ಉತ್ತರದ ಗೋಡೆಗೂ ಬಿಸಿಲು.

ಇನ್ನೊಬ್ಬ ಆರೋಪಿ ನಮ್ಮ ರೆಡ್ ಆಕ್ಸೈಡ್ ನೆಲ. 1824ರಲ್ಲಿ ಪ್ಯಾರಿಸ್ಸಿನ ಗೋಬಲಿನ್ ನೇಯ್ಗೆಶಾಲೆಯ ಬಣ್ಣದ ವಿಭಾಗಕ್ಕೆ ಶೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞ ಮುಖ್ಯಸ್ಥನಾದ. ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದರೆ ಬಣ್ಣದಲ್ಲಿ ದೋಷವಿಲ್ಲ. ಪಕ್ಕದ ನೂಲಿನ ಬಣ್ಣ ಕಪ್ಪನ್ನು ಕೆಡಿಸಿತ್ತು. ಪಕ್ಕದ ಬಣ್ಣಕ್ಕೆ ಎದುರಾದ ಬಣ್ಣದ ಛಾಯೆಯನ್ನು ಕಣ್ಣೇ ಸೇರಿಸಿಕೊಳ್ಳುತ್ತದೆ. ಕೆಂಪು ನೆಲದ ಪಕ್ಕ ಬೂದು ಗೋಡೆ ಹಸಿರು-ನೀಲಿ ಕಡೆ ವಾಲುತ್ತದೆ. ಇನ್ನೂರು ವರ್ಷದ ಹಿಂದೆಯೂ ಸುಮ್ನೆ ಬೈಸಿಕೊಂಡವರು ಬಣ್ಣದವರೇ.

ಪೇಂಟರ್‌ಗೆ ಸಾರಿ ಹೇಳಿ ಬಾಕಿ ಕೊಟ್ಟೆ. ಟ್ಯೂಬ್ ತೆಗೆದು 3000 ಕೆಲ್ವಿನ್ನಿನ ಎರಡು ಬಲ್ಬ್ ಹಾಕಿದೆ. ಅಮ್ಮ ಈಗ ಅದನ್ನು ವಿಭೂತಿ ಬಣ್ಣ ಅಂತಾರೆ. ನೆಲಕ್ಕೆ ಬಿಸಿಲು ಬಿದ್ದಾಗ ಮಾತ್ರ ಕೆಂಪು ಮೇಲಕ್ಕೆ ಚಿಮ್ಮಿ, ಗೋಡೆಯ ಬುಡ ಒಂದು ಮೊಳದಷ್ಟು ತಿಳಿಗುಲಾಬಿ.