ಗಾಡಿ ಹೊಟ್ಟೆಗೆ ಕವಚ ಕಟ್ಟೋದು: ಕಲ್ಲಿನ ಪೆಟ್ಟು ಕೊನೆಗೆ ಎಲ್ಲಿಗೆ ಹೋಗುತ್ತೆ?

ಕೊಡಚಾದ್ರಿಗೆ ಜೀಪಲ್ಲಿ ಹತ್ತಿದವರಿಗೆಲ್ಲ ಆ ಸದ್ದು ಗೊತ್ತು. ಮಳೆಗಾಲದ ನೀರು ಕೊರೆದು ಕೊರೆದು ದಾರಿ ಮಧ್ಯ ಆಳುದ್ದ ಕೊರಕಲು, ಡ್ರೈವರ್ ಎರಡೂ ಕಡೆ ದಿಣ್ಣೆ ಮೇಲೆ ಚಕ್ರ ಇಟ್ಕೊಂಡು ನಿಧಾನಕ್ಕೆ ಏರಿಸ್ತಾ ಇರ್ತಾನೆ, ಒಂದು ಚಕ್ರ ಜಾರಿ ಕೆಳಗೆ ಬಿತ್ತು ಅಂದ್ರೆ ಕಾಲಡಿಯಿಂದ ಧಡ್ ಅಂತ ಒಂದು ಪೆಟ್ಟು. ಮಾತಾಡ್ತಾ ಇದ್ದವರೆಲ್ಲ ಸುಮ್ಮನಾಗ್ತಾರೆ. ಡ್ರೈವರ್ ಇಳಿದು, ಮಂಡಿಯೂರಿ, ಟಾರ್ಚ್ ಹಾಕಿ ನೋಡೋದು ಒಂದನ್ನೇ, ಆಯಿಲ್ ಸೋರ್ತಾ ಇದೆಯಾ ಅಂತ.

ಯಾಕಂದ್ರೆ ಇಂಜಿನ್ ಕೆಳಗಿರೋ ಚೇಂಬರ್ ಅನ್ನೋದು ಆಯಿಲ್ ತುಂಬಿದ ಒಂದು ತಟ್ಟೆ, ಅಷ್ಟೆ. ಕೆಲವು ಗಾಡಿಲಿ ಅದು ತೆಳು ಉಕ್ಕಿನ ತಗಡು, ಕೆಲವದ್ರಲ್ಲಿ ಎರಕದ ಅಲ್ಯೂಮಿನಿಯಂ. ತಗಡಾದ್ರೆ ನೆಗ್ಗುತ್ತೆ, ಎರಕದ್ದಾದ್ರೆ ಬಿರುಕು ಬಿಡುತ್ತೆ. ಆಯಿಲ್ ಹೋಯ್ತು, ಪ್ರೆಶರ್ ಹೋಯ್ತು, ಆಮೇಲೂ ಇಂಜಿನ್ ಓಡಿಸಿದ್ರೆ ಬೇರಿಂಗ್ ಹಿಡ್ಕೊಳ್ಳೋಕೆ ಜಾಸ್ತಿ ಹೊತ್ತೇನು ಬೇಕಾಗಲ್ಲ. ಕಾಡಿನ ಮಧ್ಯ, ಸಿಗ್ನಲ್ ಇಲ್ಲದ ಜಾಗದಲ್ಲಿ.

ಅದಕ್ಕೇ ಮನೆ ಅಂಗಳದಲ್ಲೇ ನಮ್ಮ ಮಾರುತಿ ಜಿಮ್ನಿ ಜೀಪಿಗೆ ಹೊಟ್ಟೆ ಕಾಯೋ ಲೋಹದ ತಗಡು, ಅಂದ್ರೆ ಸ್ಕಿಡ್ ಪ್ಲೇಟು, ಪಕ್ಕಕ್ಕೆ ಬಾಗಿಲ ಕೆಳಭಾಗ ಕಾಯೋ ಪೈಪು, ಅಂದ್ರೆ ಸ್ಲೈಡರ್ ಕೂರಿಸ್ಕೊಂಡೆ. ಕೂರಿಸ್ತಾ ಕೂರಿಸ್ತಾ ಒಂದು ವಿಷಯ ತಲೆಗೆ ಹೋಯ್ತು. ನಾವೆಲ್ಲ ಪ್ಲೇಟು ಎಷ್ಟು ದಪ್ಪ, ಎಷ್ಟು ಗಟ್ಟಿ ಅಂತ ಮಾತ್ರ ಕೇಳ್ತೀವಿ. ಕೇಳಬೇಕಾದ್ದು ಆ ಪೆಟ್ಟು ಕೊನೆಗೆ ಎಲ್ಲಿಗೆ ಹೋಗುತ್ತೆ ಅನ್ನೋದು. ಪೆಟ್ಟು ಮಾಯ ಆಗಲ್ಲ, ಪ್ಲೇಟಿಂದ ಬೋಲ್ಟಿಗೆ, ಬೋಲ್ಟಿಂದ ಬ್ರಾಕೆಟಿಗೆ, ಬ್ರಾಕೆಟಿಂದ ಇಡೀ ಗಾಡಿ ಹೊರೋ ಚಾಸಿಗೆ ಅಂತ ದಾರಿ ಹಿಡಿಯುತ್ತೆ, ಆ ದಾರಿಲಿ ಯಾವುದು ಬಡಪಾಯಿಯೋ ಅದು ಮುರಿಯುತ್ತೆ.

ಒಂದು ಲೆಕ್ಕ ಮಾಡೋಣ. ಮುಂದಿನ ಚಕ್ರ 15 ಸೆಂಟಿಮೀಟರ್ ಕೆಳಗೆ ಜಾರಿತು, ಆ ಕಡೆಯ ಸುಮಾರು 400 ಕೆಜಿ ಭಾರ ಕಲ್ಲಿನ ಮೇಲೆ ಕೂತಿತು ಅಂದ್ಕೊಳ್ಳಿ. ಅದರಲ್ಲಿರೋ ಶಕ್ತಿ ಹತ್ತಿರ ಹತ್ತಿರ 590 ಜೂಲ್. 50 ಕೆಜಿ ಅಕ್ಕಿ ಮೂಟೆಯನ್ನ ಎದೆಮಟ್ಟದಿಂದ ಕೈಬಿಟ್ರೆ ನೆಲಕ್ಕೆ ಬಡಿಯೋ ಶಕ್ತಿನೂ ಇಷ್ಟೇ. ಈ ಶಕ್ತಿ 5 ಮಿಲಿಮೀಟರ್ ಒಳಗೆ ನಿಲ್ಲಬೇಕು ಅಂದ್ರೆ ಸರಾಸರಿ 12 ಟನ್ ಒತ್ತಡ ಬೇಕು. ಅದೇ 25 ಮಿಲಿಮೀಟರ್ ಬಗ್ಗಿ ನಿಲ್ಲೋದಾದ್ರೆ ಎರಡೂವರೆ ಟನ್ ಸಾಕು. ಶಕ್ತಿ ಅಷ್ಟೇ, ನಿಲ್ಲೋಕೆ ಸಿಕ್ಕ ಜಾಗ ಬೇರೆ. ಕ್ರಿಕೆಟ್ಟಲ್ಲಿ ಕ್ಯಾಚ್ ಹಿಡಿಯುವಾಗ ಕೈನ ಹಿಂದಕ್ಕೆ ತಗೊಳ್ತೀವಲ್ಲ, ಅದೇ ಲೆಕ್ಕ.

ಹಾಗಾಗಿ ಪ್ಲೇಟಿಗೂ ಚೇಂಬರಿಗೂ ಮಧ್ಯ ಖಾಲಿ ಜಾಗ ಇರಲೇಬೇಕು. ಗ್ರೌಂಡ್ ಕ್ಲಿಯರೆನ್ಸ್ ಹಾಳಾಗುತ್ತೆ ಅಂತ ಪ್ಲೇಟನ್ನ ಚೇಂಬರಿಗೆ ಅಂಟಿಸಿದ ಹಾಗೆ ಮೇಲಕ್ಕೆ ಎಳೆದು ಕಟ್ಟಿದ್ದನ್ನ ನಾನು ನೋಡಿದೀನಿ, ಅದು ಇದ್ದೂ ಇಲ್ಲದ ಹಾಗೆ, ಕಲ್ಲು ಪ್ಲೇಟಿಗೆ ಹೊಡೆದ್ರೆ ಪ್ಲೇಟು ಸೀದಾ ಚೇಂಬರಿಗೆ ಹೊಡೆಯುತ್ತೆ. 20, 25 ಮಿಲಿಮೀಟರ್ ಸಂದಿ ನಾನು ಬಿಟ್ಟೆ. ಇದಕ್ಕೆ ಬೆಲೆನೂ ಇದೆ. ಐದು ಬಾಗಿಲಿನ ಜಿಮ್ನಿಯ ವೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2590 ಮಿಲಿಮೀಟರ್, ದಿಬ್ಬ ದಾಟುವಾಗ ಹೊಟ್ಟೆ ತಗಲದೇ ಇರೋ ಕೋನ 24 ಡಿಗ್ರಿ ಅಂತ ಕಂಪನಿ ಕೊಟ್ಟಿದೆ. ಹೊಟ್ಟೆಯ ನಡುಭಾಗ 20 ಮಿಲಿಮೀಟರ್ ಕೆಳಗೆ ಬಂದ್ರೆ ಆ ಕೋನದಲ್ಲಿ ಎರಡು ಡಿಗ್ರಿಯ ಹತ್ರ ಹೋಗುತ್ತೆ. ತಗಲೋದು ಸ್ವಲ್ಪ ಜಾಸ್ತಿಯಾದ್ರೂ ಪರವಾಗಿಲ್ಲ, ತಗಲಿದಾಗ ಒಡೀಬಾರದು, ನನ್ನ ಲೆಕ್ಕ ಇದು.

ಇನ್ನು ಯಾವ ಲೋಹ. ಒಂದು ತಗಡು ಎಷ್ಟು ಬಗ್ಗುತ್ತೆ ಅನ್ನೋದು ದಪ್ಪದ ಘನದ ಮೇಲೆ ನಿಂತಿರುತ್ತೆ, ಅಂದ್ರೆ ದಪ್ಪ ಎರಡರಷ್ಟಾದ್ರೆ ಬಿಗಿ, ಅಂದ್ರೆ ಬಗ್ಗದೇ ನಿಲ್ಲೋ ಗುಣ, ಎಂಟರಷ್ಟು. ಉಕ್ಕು ಅಲ್ಯೂಮಿನಿಯಂಗಿಂತ ಸುಮಾರು ಮೂರು ಪಟ್ಟು ಬಿಗಿ, ಆದ್ರೆ ಮೂರು ಪಟ್ಟು ಭಾರನೂ ಹೌದು. ಈ ಘನದ ಲೆಕ್ಕದಿಂದ ಅಲ್ಯೂಮಿನಿಯಂಗೆ ಲಾಭ ಆಗುತ್ತೆ: 3 ಮಿಲಿಮೀಟರ್ ಉಕ್ಕಿನಷ್ಟೇ ಬಿಗಿ ಬರೋಕೆ ಅಲ್ಯೂಮಿನಿಯಂ ನಾಲ್ಕೂಕಾಲು ಮಿಲಿಮೀಟರ್ ಇದ್ರೆ ಸಾಕು, ತೂಕ ಅರ್ಧಕ್ಕಿಂತ ಕಮ್ಮಿ. ಅರ್ಧ ಚದರ ಮೀಟರ್ ಪ್ಲೇಟು 3 ಮಿಲಿಮೀಟರ್ ಉಕ್ಕಲ್ಲಿ ಮಾಡಿದ್ರೆ ಹತ್ತಿರ 12 ಕೆಜಿ, 5 ಮಿಲಿಮೀಟರ್ ಅಲ್ಯೂಮಿನಿಯಂ ಆದ್ರೆ 7 ಕೆಜಿಯೊಳಗೆ. ಹಾಗಾದ್ರೆ ಉಕ್ಕು ಯಾಕೆ ಬೇಕು ಅಂದ್ರೆ, ಕಲ್ಲು. ನಮ್ಮ ಕಡೆ ಬಂಡೆಲಿ ಬೆಣಚುಕಲ್ಲಿನ ಅಂಶ ಎಲ್ಲೆಲ್ಲೂ ಇರುತ್ತೆ, ಗಡಸುತನದ ಮೋಸ್ ಅಳತೆಲಿ ಅದು 7, ಸಾದಾ ಉಕ್ಕು 4ರ ಆಸುಪಾಸು, ಅಲ್ಯೂಮಿನಿಯಂ 3ಕ್ಕೂ ಕೆಳಗೆ. ಉಕ್ಕಿನ ಪ್ಲೇಟು ಕಲ್ಲಿನ ಮೇಲೆ ಗೀರಿಕೊಂಡಾದ್ರೂ ಜಾರಿ ಹೋಗುತ್ತೆ, ಅಲ್ಯೂಮಿನಿಯಂನ ಕಲ್ಲು ಉಳಿ ಥರ ಕೆತ್ತಿ ಹಿಡ್ಕೊಳ್ಳುತ್ತೆ, ಗಾಡಿ ಅಲ್ಲೇ ನಿಂತುಬಿಡುತ್ತೆ. ಒಂದೊಂದು ಸಲ ಹೊಟ್ಟೆ ತಗಲಿಸಿ ಬರೋರಿಗೆ ಅಲ್ಯೂಮಿನಿಯಂ ಚೆನ್ನಾಗಿದೆ, ದಿನಾ ತೋಟದ ಕಲ್ಲುದಾರಿಲಿ ಓಡಾಡೋರಿಗೆ ಉಕ್ಕೇ ಸರಿ. ನಾನು ಉಕ್ಕು ಹಾಕ್ದೆ. ಮಧ್ಯ ಉದ್ದಕ್ಕೆ ಎರಡು ಮಡಿಕೆ ಹೊಡೆಸಿದೀನಿ, ಕೊಟ್ಟಿಗೆ ಮಾಡಿನ ತಗಡಿಗೆ ಅಲೆ ಅಲೆ ಇರುತ್ತಲ್ಲ ಹಾಗೆ, ತೂಕ ಜಾಸ್ತಿಯಾಗದೇ ಬಿಗಿ ಬರುತ್ತೆ.

ಈಗ ಬೋಲ್ಟಿಗೆ ಬರ್ತೀನಿ, ನನಗೆ ತುಂಬಾ ಪಾಠ ಆಗಿದ್ದು ಇಲ್ಲೇ.

ಮೊದಲನೇ ಪ್ಲೇಟು ಒಂದು ಫ್ಯಾಬ್ರಿಕೇಶನ್ ಶಾಪಲ್ಲಿ ಮಾಡ್ಸಿದ್ದೆ. ನೋಡೋಕೆ ಬಹಳ ಚೆನ್ನಾಗಿತ್ತು, ದಪ್ಪ ಕಪ್ಪು ಪೌಡರ್ ಕೋಟಿಂಗು, ಬೋಲ್ಟು ಕೂರೋ ಜಾಗಕ್ಕೂ, ಬ್ರಾಕೆಟ್ಟಿಗೂ, ಎಲ್ಲದಕ್ಕೂ. ನಾನೇ ಎಷ್ಟು ಬಿಗಿಯಾಯ್ತು ಅಂತ ಅಳೆಯೋ ಟಾರ್ಕ್ ರೆಂಚ್ ಹಿಡಿದು ಸರಿಯಾಗೇ ಬಿಗಿ ಮಾಡಿದ್ದೆ. ಎರಡು ವಾರ ಮಣ್ಣುದಾರಿಲಿ ಓಡಾಡಿದ ಮೇಲೆ ಹೊಟ್ಟೆ ಕೆಳಗಿಂದ ಟಣ್ ಟಣ್ ಶುರುವಾಯ್ತು. ಬಗ್ಗಿ ನೋಡಿದ್ರೆ ಒಂದು ಬೋಲ್ಟು ಇರಲೇ ಇಲ್ಲ, ಇನ್ನೊಂದು ಬೆರಳಲ್ಲೇ ತಿರುಗ್ತಾ ಇತ್ತು, ಆ ತೂತಿನ ಸುತ್ತ ಕೋಟಿಂಗು ಪುಡಿಯಾಗಿ ಹೊಳೆಯೋ ಉಕ್ಕು ಕಾಣ್ತಾ ಇತ್ತು.

ಬೋಲ್ಟು ಅಂದ್ರೆ ಮೊಳೆ ಅಲ್ಲ, ಅದೊಂದು ಸ್ಪ್ರಿಂಗು. 8.8 ಅನ್ನೋ ಗಟ್ಟಿ ಗ್ರೇಡಿನ 10 ಮಿಲಿಮೀಟರ್ ಬೋಲ್ಟನ್ನ ಸುಮಾರು 48 ನ್ಯೂಟನ್ ಮೀಟರ್ ಬಿಗಿ ಮಾಡ್ತೀವಿ, ಅಂದ್ರೆ ಗೇಣುದ್ದಕ್ಕಿಂತ ತುಸು ಉದ್ದದ ಸ್ಪ್ಯಾನರ್ ತುದಿಲಿ 20 ಕೆಜಿ ಭಾರ ನೇತು ಹಾಕಿದಷ್ಟು. ಅಷ್ಟಕ್ಕೇ ಬೋಲ್ಟು ಒಳಗೊಳಗೇ ಹಿಗ್ಗಿ, ಎರಡೂ ಲೋಹಗಳನ್ನ ಎರಡೂವರೆ ಟನ್ನಿನ ಹತ್ರ ಒತ್ತಿ ಹಿಡಿಯುತ್ತೆ. ಎಷ್ಟು ಹಿಗ್ಗುತ್ತೆ? 30 ಮಿಲಿಮೀಟರ್ ಹಿಡಿತ ಇರೋ ಬೋಲ್ಟಾದ್ರೆ ಹೆಚ್ಚುಕಮ್ಮಿ 0.06 ಮಿಲಿಮೀಟರ್. ಒಂದು ತಲೆಕೂದಲಿನ ದಪ್ಪ! ಆ ಒಂದು ಕೂದಲಷ್ಟು ಹಿಗ್ಗಿನ ಮೇಲೆ ಇಡೀ ಪ್ಲೇಟು ನಿಂತಿರೋದು. ಪೌಡರ್ ಕೋಟಿಂಗಿನ ದಪ್ಪ ಸಾಮಾನ್ಯವಾಗಿ 0.06ರಿಂದ 0.1 ಮಿಲಿಮೀಟರ್, ಎರಡು ಮುಖಕ್ಕೂ ಹೊಡೆದಿದ್ರೆ ಅದರ ಎರಡರಷ್ಟು, ಅದು ಪ್ಲಾಸ್ಟಿಕ್ಕಿನ ಜಾತಿಯದ್ದು, ಒತ್ತಡಕ್ಕೆ, ಇಂಜಿನ್ ಬಿಸಿಗೆ ನಿಧಾನಕ್ಕೆ ಹಿಸುಕಿ ಪಕ್ಕಕ್ಕೆ ಸರಿಯುತ್ತೆ. 0.03 ಮಿಲಿಮೀಟರ್ ಹಿಸುಕಿದ್ರೆ ಹಿಡಿತ ಅರ್ಧಕ್ಕೆ ಬಂತು. ಬೋಲ್ಟು ಒಂದು ಕೂದಲೆಳೆ ತಿರುಗದೇ ಇದ್ರೂ ಸಡಿಲ ಆಗಿರುತ್ತೆ.

ಸಡಿಲ ಆದ್ರೆ ಏನಾಗುತ್ತೆ ನೋಡಿ. ಕಲ್ಲು ಪ್ಲೇಟನ್ನ ಹಿಂದಕ್ಕೆ ಎಳೆಯುವಾಗ ಅದನ್ನ ತಡೆಯೋದು ಬೋಲ್ಟಿನ ಮೈ ಅಂತ ನಾವು ಅಂದ್ಕೊಂಡಿರ್ತೀವಿ, ನಿಜವಾಗಿ ಮೊದಲು ತಡೆಯೋದು ಒತ್ತಿ ಹಿಡಿದ ಎರಡು ಲೋಹಗಳ ನಡುವಿನ ಘರ್ಷಣೆ. ನಾಲ್ಕು ಬೋಲ್ಟು, ಒಂದೊಂದರದ್ದು ಎರಡೂವರೆ ಟನ್ನಿನ ಹತ್ರ, ಘರ್ಷಣೆ ಅದರ ಐದನೇ ಒಂದು ಭಾಗ ಅಂತ ಹಿಡಿದ್ರೂ ಒಟ್ಟು ಹತ್ತಿರ ಎರಡು ಟನ್, ಖಾಲಿ ಜಿಮ್ನಿಯ ತೂಕಕ್ಕಿಂತ ಜಾಸ್ತಿ. ಹಿಡಿತ ಹೋದ್ರೆ ಪ್ಲೇಟು ತೂತಿನೊಳಗೆ ಅತ್ತಿತ್ತ ಓಡಾಡೋಕೆ ಶುರು ಮಾಡುತ್ತೆ. ಹೀಗೆ ಅಡ್ಡಡ್ಡ ಅಲುಗಾಡೋದೇ ನಟ್ಟು ತಾನಾಗಿ ಬಿಚ್ಚಿಕೊಳ್ಳೋಕೆ ದೊಡ್ಡ ಕಾರಣ ಅಂತ ಜರ್ಮನಿಯ ಇಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಒಂದು ಮಷಿನ್ ಕಟ್ಟಿ ತೋರಿಸಿಕೊಟ್ಟರು, ಇವತ್ತಿಗೂ ಬೋಲ್ಟು ಪರೀಕ್ಷೆ ಮಾಡೋದು ಅವರ ಹೆಸರಿನ ಮಷಿನ್ ಮೇಲೇ. ನಮ್ಮ ಕಡೆ ಎಲ್ಲಾ ಕಡೆ ಹಾಕೋ ಸ್ಪ್ರಿಂಗ್ ವಾಷರ್ ಆ ಪರೀಕ್ಷೆಲಿ ಪ್ರಯೋಜನಕ್ಕೆ ಬರಲ್ಲ. ನೈಲಾನ್ ನಟ್ಟು ಇಲ್ಲಾ ಲಾಕ್‌ಟೈಟ್ ಥರದ ಅಂಟು ಹಾಕಿ, ಬೋಲ್ಟು ಪೂರ್ತಿ ಬಿದ್ದುಹೋಗೋದಾದ್ರೂ ತಪ್ಪುತ್ತೆ.

ಎರಡನೇ ಸಲ ಬೋಲ್ಟು ಕೂರೋ ಜಾಗದ ಕೋಟಿಂಗನ್ನೆಲ್ಲ ಎಮರಿ ಪೇಪರ್ ಹಾಕಿ ತೆಗೆದೆ, ತುಕ್ಕು ಬರದ ಹಾಗೆ ತೆಳ್ಳಗೆ ಪ್ರೈಮರ್ ಮಾತ್ರ. ಬೋಲ್ಟಿನ ತಲೆ ಕಲ್ಲಿಗೆ ಸಿಗಬಾರದು ಅಂತ ಪ್ಲೇಟಲ್ಲಿ ಬಟ್ಟಲ ಥರ ಗುಂಡಿ ಮಾಡಿಸಿ ಒಳಗೆ ಕೂರಿಸ್ದೆ, ಇಲ್ಲಾಂದ್ರೆ ಒಂದೇ ಟ್ರಿಪ್ಪಲ್ಲಿ ತಲೆ ಸವೆದು ಸ್ಪ್ಯಾನರ್‌ಗೆ ಹಿಡಿತಾನೇ ಸಿಗಲ್ಲ.

ಕೆಳಗೆ ಮಲಗೋ ಮುಂಚೆ ಒಂದು ಮಾತು, ದಯವಿಟ್ಟು ಇದನ್ನ ಹಗುರ ಮಾಡ್ಬೇಡಿ. ಗಾಡಿ ಜೊತೆ ಬಂದ ಜಾಕು ಟೈರ್ ಬದಲಾಯಿಸೋಕೆ, ಅಡಿಗೆ ಮಲಗೋಕಲ್ಲ. ಹೈಡ್ರಾಲಿಕ್ ಜಾಕಾದ್ರೂ ಅಷ್ಟೇ, ಒಂದು ರಬ್ಬರ್ ಸೀಲ್ ಹೋದ್ರೆ ಇಳಿದುಬಿಡುತ್ತೆ. ಚಾಸಿ ಕೆಳಗೆ ಜಾಕ್ ಸ್ಟ್ಯಾಂಡ್ ಇಟ್ಟು, ಬಾಕಿ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗಟ್ಟಿ ನೆಲದ ಮೇಲೆ ಮಾತ್ರ. ಮಳೆ ಬಿದ್ದ ಅಂಗಳದ ಮಣ್ಣಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತೆ, ಅಡಿಗೆ ಹಲಗೆ ಹಾಕಿ.

ಪಕ್ಕದ ಸ್ಲೈಡರ್‌ಗೆ ಪೈಪು ಯಾಕೆ, ಗಟ್ಟಿ ಸರಳು ಯಾಕಲ್ಲ ಅಂತ ನಮ್ಮಣ್ಣ ಕೇಳಿದ. ಬಿದಿರು ನೋಡು ಅಂದೆ. 48 ಮಿಲಿಮೀಟರ್ ಹೊರವ್ಯಾಸ, 3.2 ಮಿಲಿಮೀಟರ್ ಗೋಡೆ ಇರೋ ಪೈಪಿನಷ್ಟೇ ಉಕ್ಕನ್ನ ಗಟ್ಟಿ ಸರಳು ಮಾಡಿದ್ರೆ ಅದು ಬರೀ 24 ಮಿಲಿಮೀಟರ್ ದಪ್ಪ ಬರುತ್ತೆ, ಬಗ್ಗೋದ್ರಲ್ಲಿ ಪೈಪು ಅದಕ್ಕಿಂತ ಏಳು ಪಟ್ಟು ಬಿಗಿ. ಬಗ್ಗಿಸುವಾಗ ಕೆಲಸ ಮಾಡೋದು ಹೊರಗಿನ ಅಂಚು, ನಡುವಿನ ಲೋಹ ಬರೀ ಭಾರ. ಇದೇ ಕಾರಣಕ್ಕೆ ಚಾಸಿಗೆ ತೂತು ಹೊಡೆಯೋರು ಮೇಲಂಚು ಕೆಳಂಚು ಮುಟ್ಟಲೇಬಾರದು, ಬಗ್ಗೋ ಒತ್ತಡ ಪೂರ್ತಿ ಅಲ್ಲೇ ಇರೋದು. ಕಂಪನಿಯವರು ಬಿಟ್ಟಿರೋ ತೂತು ಹುಡುಕಿ, ಬೇಕಾದಷ್ಟು ಇರುತ್ತೆ. ಸ್ಲೈಡರನ್ನ ಬಾಗಿಲ ಕೆಳಗಿನ ಬಾಡಿ ತಗಡಿಗೆ ಕಟ್ಟಿದ್ರೆ ಪೆಟ್ಟಿನ ದಾರಿ ಅಲ್ಲಿಗೇ ಮುಗೀತು, ತಗಡು ಒಳಗೆ ಹೋಗುತ್ತೆ, ಬಾಗಿಲು ಹಾಕೋಕೆ ಬರಲ್ಲ. ಚಾಸಿಗೇ ಕಟ್ಟಬೇಕು.

ಮುಂದಗಡೆ ಬಂಪರ್ ಮೇಲೆ ಕಟ್ಟೋ ದಪ್ಪ ಕಬ್ಬಿಣದ ಬುಲ್ ಬಾರ್ ಮಾತ್ರ ಬೇಡ. ಡಿಸೆಂಬರ್ 2017ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಅಂತ ರಾಜ್ಯಗಳಿಗೆ ಬರೆದಿದೆ, ಕಾನೂನಿನ ಮಾತು ಬಿಟ್ರೂ ಕಾರಣ ನಾವು ಮೇಲೆ ಮಾಡಿದ ಲೆಕ್ಕದಲ್ಲೇ ಇದೆ. ಗಾಡಿ ಮುಂಭಾಗ ಮಡಚಿಕೊಂಡು ಪೆಟ್ಟು ನುಂಗೋಕೇ ಮಾಡಿರೋದು, ಏರ್‌ಬ್ಯಾಗಿನ ಲೆಕ್ಕನೂ ಅದರ ಮೇಲೇ ನಿಂತಿರೋದು, ಬುಲ್ ಬಾರ್ ಹಾಕಿದ್ರೆ ಪೆಟ್ಟಿಗೆ ಚಾಸಿ ಮೂಲಕ ಒಳಗೆ ಕೂತವರ ಹತ್ರ ಹೋಗೋ ಅಡ್ಡದಾರಿ ಸಿಕ್ಕಿದ ಹಾಗೆ. ಅಡ್ಡ ಬಂದ ಪಾದಚಾರಿಗಂತೂ ಕೇಳೋದೇ ಬೇಡ. ಹೊಟ್ಟೆಗೆ ಕವಚ ಹಾಕೋ ನ್ಯಾಯ ಮೂತಿಗೆ ಹೊಂದಲ್ಲ.

ಕೂರಿಸಿದ ಮೇಲಿನ ಕೆಲಸದಲ್ಲಿ ನನಗೆ ಭಯ ಇರೋದು ದರಗಿನದ್ದು. ಬೇಸಿಗೆಲಿ ಕಾಡುದಾರಿಲಿ ಹೋದ್ರೆ ಒಣಗಿದ ಎಲೆ, ಹುಲ್ಲು ಪ್ಲೇಟಿನ ಮೇಲೆ ತುಂಬ್ಕೊಳ್ಳುತ್ತೆ, ಪಕ್ಕದಲ್ಲೇ ಸಿಕ್ಕಾಪಟ್ಟೆ ಕಾಯೋ ಸೈಲೆನ್ಸರ್ ಪೈಪು, ಅದರಲ್ಲೂ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ನೂರಾರು ಡಿಗ್ರಿ. ಬೆಂಕಿಗೆ ಇನ್ನೇನು ಬೇಕು. ಪ್ಲೇಟಲ್ಲಿ ದೊಡ್ಡ ತೂತು ಬಿಡಿಸಿ, ಗಾಳಿಗೂ ಆಗುತ್ತೆ, ಪೈಪು ಹಿಡಿದು ತೊಳೆಯೋಕೂ ಆಗುತ್ತೆ, ಪ್ರತಿ ಟ್ರಿಪ್ಪಾದ ಮೇಲೆ ಕೈ ಹಾಕಿ ತೆಗೀರಿ. ಕರಾವಳಿಯವರು ಅಲ್ಯೂಮಿನಿಯಂ ಪ್ಲೇಟಿಗೆ ಸ್ಟೀಲ್ ಬೋಲ್ಟು ಹಾಕಿದ್ರೆ ಹುಷಾರು, ಉಪ್ಪುನೀರು ಸೇರಿದ ತಕ್ಷಣ ಎರಡು ಲೋಹ ಸೇರಿ ಬ್ಯಾಟರಿ ಆಗುತ್ತೆ, ತಿನ್ನಿಸಿಕೊಳ್ಳೋದು ಯಾವಾಗಲೂ ಅಲ್ಯೂಮಿನಿಯಂ, ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡ್ರೆ ಶುರುವಾಗಿದೆ ಅಂತ ಅರ್ಥ.

ಬಿಗಿ ಮಾಡಿದ ದಿನವೇ ಪ್ರತಿ ಬೋಲ್ಟಿನ ತಲೆಯಿಂದ ಪ್ಲೇಟಿನ ಮೇಲಕ್ಕೆ ಹಳದಿ ಪೇಂಟಲ್ಲಿ ಒಂದು ಗೆರೆ ಎಳೆದಿದ್ದೆ. ನೂರು ಕಿಲೋಮೀಟರ್ ಆದ ಮೇಲೆ ನೋಡಿದ್ರೆ ಗೆರೆಗಳೆಲ್ಲ ಹಾಗೇ ಕೂಡಿದ್ವು, ಆದ್ರೂ ಟಾರ್ಕ್ ರೆಂಚ್ ಹಾಕಿದಾಗ ಎರಡು ಬೋಲ್ಟು ಸ್ವಲ್ಪ ತಿರುಗಿದ್ವು, ಪ್ರೈಮರ್ ಕೂತ್ಕೊಂಡಿತ್ತು ಅನ್ಸುತ್ತೆ. ಗೆರೆ ಅಳಿಸಿ ಹೊಸದಾಗಿ ಎಳೆದೆ. ಅದಾದ ಮೇಲೆ ಎರಡು ಸಲ ಕಲ್ಲಿಗೆ ಜೋರಾಗೇ ತಗಲಿದೆ, ಪ್ಲೇಟಿನ ಎಡ ಮಡಿಕೆಲಿ ಅಂಗೈಯಗಲ ನೆಗ್ಗಿದೆ, ಚೇಂಬರಿಗೆ ಇನ್ನೂ ಒಂದು ಬೆರಳು ಜಾಗ ಉಳಿದಿದೆ.