ಕನ್ನಡ ಇರುವ ಫೈಲ್ ತೆರೆದರೆ ಎಡಿಟರ್ ಯಾಕೆ ನಿಧಾನ?

ಪ್ರಶ್ನೆ: ಇಂಗ್ಲಿಷ್ ಫೈಲ್ ಎಷ್ಟೇ ದೊಡ್ಡದಿದ್ದರೂ ನನ್ನ ಎಡಿಟರ್‌ನಲ್ಲಿ ಸಲೀಸಾಗಿ ಓಡುತ್ತದೆ. ಕನ್ನಡ ಇದ್ದರೆ ಮಾತ್ರ ಸ್ಕ್ರೋಲ್ ಮಾಡುವಾಗ ತಡೆದು ತಡೆದು ಹೋಗುತ್ತದೆ. ಟೈಪ್ ಮಾಡಿದ ಅಕ್ಷರವೂ ತಡವಾಗಿ ಮೂಡುತ್ತದೆ. ರ‍್ಯಾಮ್ ಹೆಚ್ಚಿಸಬೇಕಾ?

ರ‍್ಯಾಮ್‌ಗೆ ದುಡ್ಡು ಹಾಕುವ ಮೊದಲು ಫಾಂಟ್ ಸೆಟ್ಟಿಂಗ್ ನೋಡಿ. ಇಂಗ್ಲಿಷ್ ಸಲೀಸು, ಕನ್ನಡ ಮಾತ್ರ ನಿಧಾನ ಅಂದರೆ ನನ್ನ ಮೊದಲ ಅನುಮಾನ ಅದರ ಮೇಲೆಯೇ.

ವಿಂಡೋಸ್‌ನಲ್ಲಿ ಕೋಡ್ ಬರೆಯುವ ಎಡಿಟರ್‌ಗಳಿಗೆ ಸಾಮಾನ್ಯವಾಗಿ ಕನ್ಸೋಲಾಸ್‌ನಂಥ ಫಾಂಟ್ ಇರುತ್ತದೆ. ಅದರಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಆದರೆ ಕನ್ನಡದ ಒಂದು ಅಕ್ಷರವೂ ಇಲ್ಲ. ಆದರೂ ಕನ್ನಡ ಕಾಣಿಸುತ್ತದೆ, ಅಲ್ವಾ? ಎಡಿಟರ್ ಆಪರೇಟಿಂಗ್ ಸಿಸ್ಟಮ್ ಅನ್ನು ಕೇಳಿ, ಕನ್ನಡ ಇರುವ ಬೇರೆ ಫಾಂಟ್ ಹುಡುಕಿಸಿ ತರುತ್ತದೆ. ಇದಕ್ಕೆ ಫಾಂಟ್ ಫಾಲ್‌ಬ್ಯಾಕ್ ಎನ್ನುತ್ತಾರೆ. ಒಂದೇ ಸಾಲಿನಲ್ಲಿ ಇಂಗ್ಲಿಷ್, ಕನ್ನಡ, ಮತ್ತೆ ಇಂಗ್ಲಿಷ್ ಬಂದರೆ ಸಾಲು ಅಷ್ಟು ತುಂಡಾಗುತ್ತದೆ. ಪ್ರತಿ ತುಂಡಿಗೂ ಬೇರೆ ಫಾಂಟ್, ಬೇರೆ ಅಳತೆ. ಅನುವಾದದ ಫೈಲ್‌ಗಳು ಪೂರ್ತಿ ಹೀಗೇ ಇರುತ್ತವೆ.

ಇದರ ಮೇಲೆ ಅಕ್ಷರ ಜೋಡಿಸುವ ಕೆಲಸವೂ ಇದೆ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಫೈಲ್‌ನ ಒಳಗೆ ಅದು ಆರು ಯೂನಿಕೋಡ್ ಸಂಕೇತ: ಸ, ಅರ್ಧಾಕ್ಷರದ ಗುರುತು (್), ತ, ಮತ್ತೆ ಅದೇ ಗುರುತು, ರ, ಕೊನೆಗೆ ‘ಈ’ ಸ್ವರದ ಗುರುತು (ೀ). ಈ ಆರನ್ನೂ ಕೂಡಿಸಿ ಒತ್ತು, ಗುಣಿತ ಸರಿಯಾದ ಜಾಗಕ್ಕೆ ಕೂರಿಸಬೇಕು. ಈ ಕೆಲಸ ಈಗಿನ ಕಂಪ್ಯೂಟರ್‌ಗೆ ಭಾರವೇನಲ್ಲ. ಫಾಂಟಿನ ಹುಡುಕಾಟವೂ ಸೇರಿದಾಗ ಎಡವಟ್ಟಾಗುತ್ತದೆ. ಕನ್ನಡವೇ ಭಾರ ಅಂದುಕೊಂಡು ತಮ್ಮ ಟಿಪ್ಪಣಿಗಳನ್ನೆಲ್ಲ ಇಂಗ್ಲಿಷ್‌ಗೆ ಬದಲಾಯಿಸಿಕೊಂಡವರನ್ನು ನೋಡಿದ್ದೇನೆ. ನನಗೆ ತುಂಬಾ ಬೇಜಾರಾಗುವುದು ಅಲ್ಲೇ.

ಮೊದಲು ಖಾತ್ರಿ ಮಾಡಿಕೊಳ್ಳಿ. ಎಡಿಟರ್‌ನ ಫಾಂಟ್ ಅನ್ನು ಐದು ನಿಮಿಷದ ಮಟ್ಟಿಗೆ ನಿರ್ಮಲಾ ಯುಐ ಮಾಡಿ, ಅದೇ ಫೈಲ್ ತೆರೆದು ಸ್ಕ್ರೋಲ್ ಮಾಡಿ. ಕನ್ನಡ ಇರುವ ಈ ಫಾಂಟ್ ವಿಂಡೋಸ್ 8ರಿಂದ ಈಚೆಗೆ ಜೊತೆಗೇ ಬರುತ್ತದೆ. ಲಿನಕ್ಸ್ ಆದರೆ ನೋಟೋ ಸಾನ್ಸ್ ಕನ್ನಡ ಅಥವಾ ಲೋಹಿತ್ ಕನ್ನಡ ಹಾಕಿ ನೋಡಿ. ವೇಗ ಬಂದರೆ ಕಾರಣ ಸಿಕ್ಕಿತು.

ವಿಎಸ್ ಕೋಡ್ ಬಳಸುವವರು ಇನ್ನೂ ಹತ್ತಿರದಿಂದ ನೋಡಬಹುದು. ಹೆಲ್ಪ್ ಮೆನುವಿನಲ್ಲಿ ಡೆವಲಪರ್ ಟೂಲ್ಸ್ ತೆರೆಯಿರಿ. ಬಾಣದ ಗುರುತು ಒತ್ತಿ, ನಿಮ್ಮ ಫೈಲ್‌ನ ಒಂದು ಕನ್ನಡ ಪದದ ಮೇಲೆ ಕ್ಲಿಕ್ ಮಾಡಿ. ‘ಕಂಪ್ಯೂಟೆಡ್’ ಪಟ್ಟಿಯ ತೀರಾ ಕೆಳಗೆ ‘ರೆಂಡರ್ಡ್ ಫಾಂಟ್ಸ್’ ಅಂತ ಇರುತ್ತದೆ. ನಿಜವಾಗಿ ಯಾವ ಫಾಂಟ್ ಬಳಕೆಯಾಗುತ್ತಿದೆ ಎಂದು ಹೆಸರು ಸಮೇತ ತೋರಿಸುತ್ತದೆ. ನೀವು ಆರಿಸದ ಹೆಸರು ಅಲ್ಲಿದ್ದರೆ ಬದಲಿ ಫಾಂಟ್ ಬಂದಿದೆ ಎಂದೇ ಅರ್ಥ.

ಪರಿಹಾರ ಸುಲಭ. ಹುಡುಕುವ ಕೆಲಸ ಕಂಪ್ಯೂಟರ್‌ಗೆ ಬಿಡದೆ ಕನ್ನಡದ ಫಾಂಟ್ ಹೆಸರು ನೀವೇ ಬರೆದುಬಿಡಿ. ವಿಎಸ್ ಕೋಡ್‌ನ ಸೆಟ್ಟಿಂಗ್ಸ್‌ನಲ್ಲಿ ‘ಫಾಂಟ್ ಫ್ಯಾಮಿಲಿ’ ಹುಡುಕಿ, ಮೊದಲು ಕನ್ಸೋಲಾಸ್, ಕಾಮಾ, ಆಮೇಲೆ ನಿರ್ಮಲಾ ಯುಐ ಎಂದು ಇಂಗ್ಲಿಷ್‌ನಲ್ಲಿ ಬರೆಯಿರಿ. ಹೆಸರಿನ ನಡುವೆ ಜಾಗ ಇರುವುದರಿಂದ ನಿರ್ಮಲಾ ಯುಐಗೆ ಒಂಟಿ ಉದ್ಧರಣ ಚಿಹ್ನೆ ಹಾಕಿ. ಕೋಡ್ ಇದ್ದರೆ ಈ ಕ್ರಮವೇ ಸರಿ. ಕ್ರಮ ತಿರುಗಿಸಿದರೆ ಇಂಗ್ಲಿಷ್ ಅಕ್ಷರಗಳ ಅಗಲ ಬದಲಾಗಿ ಕೋಡ್‌ನ ಸಾಲುಗಳು ಓರೆಕೋರೆಯಾಗುತ್ತವೆ. ಬರೀ ಕನ್ನಡ ಲೇಖನ ಬರೆಯುವವರು ಕನ್ನಡ ಫಾಂಟನ್ನೇ ಮೊದಲು ಹಾಕಲಿ.

ಈಮ್ಯಾಕ್ಸ್‌ನಲ್ಲಿ ಕರ್ಸರ್ ಅನ್ನು ಕನ್ನಡ ಅಕ್ಷರದ ಮೇಲಿಟ್ಟು ‘ಡಿಸ್ಕ್ರೈಬ್-ಚಾರ್’ ಕೊಟ್ಟರೆ ಫಾಂಟ್ ಹೆಸರು ಸಿಗುತ್ತದೆ. ‘ಸೆಟ್-ಫಾಂಟ್‌ಸೆಟ್-ಫಾಂಟ್’ ಬಳಸಿ ಕನ್ನಡ ಲಿಪಿಗೆ ಒಂದು ಫಾಂಟ್ ಗೊತ್ತು ಮಾಡಿಬಿಡಿ.

ತುಂಗಾ ಫಾಂಟಿನ ಬಗ್ಗೆ ಒಂದು ಮಾತು. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಂದ ಕನ್ನಡ ಫಾಂಟ್ ಅದು. ಹಳೆಯ ಸೆಟ್ಟಿಂಗ್ ಹಾಗೇ ಕಾಪಿ ಮಾಡಿಕೊಂಡವರ ಪಟ್ಟಿಯಲ್ಲಿ ಈಗಲೂ ಇರಬಹುದು. ವಿಂಡೋಸ್ 10ರಿಂದ ಅದು ಎಲ್ಲ ಕಂಪ್ಯೂಟರ್‌ನಲ್ಲೂ ಇರುವುದಿಲ್ಲ. ಕನ್ನಡ ಭಾಷೆ ಸೇರಿಸಿದಾಗ, ಅಥವಾ ‘ಆಪ್ಷನಲ್ ಫೀಚರ್ಸ್’ನಲ್ಲಿ ಕನ್ನಡದ ಹೆಚ್ಚುವರಿ ಫಾಂಟ್ ಆರಿಸಿದಾಗ ಬರುತ್ತದೆ. ಇಲ್ಲದ ಫಾಂಟಿನ ಹೆಸರು ಬರೆದರೆ ಮತ್ತೆ ಹುಡುಕಾಟವೇ.

ಡಿಟಿಪಿ ಮಾಡುವವರ ಕಂಪ್ಯೂಟರ್‌ನಲ್ಲಿ ನುಡಿ, ಶ್ರೀಲಿಪಿಯ ಹಳೆಯ ಫಾಂಟ್‌ಗಳು ರಾಶಿ ಬಿದ್ದಿರುತ್ತವೆ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿಕೊಂಡವು. ಯೂನಿಕೋಡ್ ಕನ್ನಡಕ್ಕೆ ಅವುಗಳಿಂದ ಉಪಯೋಗವಿಲ್ಲ, ಸುಮ್ನೆ ಪಟ್ಟಿ ಉದ್ದವಾಗುತ್ತದೆ. ಹಳೆಯ ಪುಸ್ತಕದ ಫೈಲ್‌ಗಳಿಗೆ ಬೇಕಾದವನ್ನು ಇಟ್ಟುಕೊಂಡು ಉಳಿದವನ್ನು ತೆಗೆಯಿರಿ.

ಇಷ್ಟು ಮಾಡಿಯೂ ನಿಧಾನವೇ ಇದ್ದರೆ ಫೈಲ್‌ನಲ್ಲಿ ಎಷ್ಟು ಸಾಲಿವೆ ನೋಡಿ. ಇಡೀ ಫೈಲ್ ಒಂದೇ ಸಾಲಿನಲ್ಲಿದ್ದರೆ ಯಾವ ಫಾಂಟ್ ಹಾಕಿದರೂ ಎಡಿಟರ್ ತಿಣುಕುತ್ತದೆ. ಸಾಲು ಒಡೆದು ಸೇವ್ ಮಾಡಿ, ಮತ್ತೆ ತೆರೆಯಿರಿ.